ಬಾಳವ್ವಕ್ಕನನ್ನು ಕಾಠ್ಮಂಡುವಿನಲ್ಲಿ ಬಿಟ್ಟು ಬಂದೆ

ನಿಪ್ಪಾಣಿ

ತೊಂಬತ್ತರ ದಶಕದ ಮೊದಲಲ್ಲಿ ಒಂದು ವರ್ಷ ನಮ್ಮ ಕಡೆ ದ್ರಾಕ್ಷಿ ಬಹಳ ಚೆನ್ನಾಗಿ ಬಂತು. ಕೊನೆಯ ಗಾಡಿ ಸಾಂಗ್ಲಿ ಪೇಟೆಗೆ ಹೋದ ದಿನ ಬಾಳವ್ವಕ್ಕ ನಮ್ಮ ಮನೆಗೆ ಬಂದಳು. ಚಹಾ ಬೇಡವೆಂದು ಕಟ್ಟೆಯ ಮೇಲೆ ಕೂತು, "ಸುಶೀಲಾ, ನಿಮ್ಮ ಸಾಲಿಗೆ ಸೂಟಿ ಎಂದ ಬಿಡತಾರ?" ಎಂದು ಕೇಳಿದಳು.

ಬಾಳವ್ವಕ್ಕ ನನ್ನ ಗಂಡನ ಹಿರಿಯಕ್ಕ. ಗಂಡ ತೀರಿಕೊಂಡ ಮೇಲೆ ಕಾಗವಾಡದ ಹೊರಗಿನ ತೋಟದಲ್ಲಿ ಮಗ ಬಸಗೌಡನ ಜೊತೆ ಇದ್ದಳು. ಬಳ್ಳಿಯ ಯಾವ ಕಣ್ಣು ಬಿಡಬೇಕು, ಯಾವುದನ್ನು ಕತ್ತರಿಸಬೇಕು ಎಂಬುದರಲ್ಲಿ ಮಗನೂ ಅವಳ ಮಾತು ಮೀರುತ್ತಿರಲಿಲ್ಲ. ನಾನು ಊರಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ.

"ನಿಪ್ಪಾಣಿಯಿಂದ ನೇಪಾಳಕ್ಕ ಬಸ್ ಬಿಡಾಕತ್ತಾರಂತ. ಪಶುಪತಿನಾಥನ್ನ ನೋಡ್ಕೊಂಡ ಬರೂಣು. ನಿನಗ ಹಿಂದಿ ಬರತೈತಿ. ನೀ ಬಂದ್ರ ನಾ ಹೊಂಟೆ, ನೀ ಬರದಿದ್ರ ಇಲ್ಲ."

ಹಾಗೆ ನಾನು ಹೊರಟೆ. ಬಸ್ಸಿನಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮಂದಿಯೇ ಹೆಚ್ಚು. ಯಾತ್ರೆ ನಡೆಸುವ ದತ್ತೋಬಾ ನಿಪ್ಪಾಣಿಯವನು, ಮೊದಲು ತಂಬಾಕಿನ ವಖಾರಿಯಲ್ಲಿ ಕೆಲಸ ಮಾಡಿದ್ದವನು. ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತಿತ್ತು. ಹಿಟ್ಟು, ಬೇಳೆ, ಎಣ್ಣೆ, ಅಡಿಗೆಯವನು ಎಲ್ಲ ಬಸ್ಸಿನಲ್ಲೇ. ಹೀಗಾಗಿ ಕಾಶಿ ದಾಟಿ ಮುಂದೆ ಹೋದರೂ ನಮ್ಮ ತಾಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಬದಲಾಗಲಿಲ್ಲ.

ಗಡಿ

ಗಡಿಯಲ್ಲಿ ಅಕ್ಕನಿಗೆ ನಿರಾಸೆಯಾಯಿತು. ಪರದೇಶವೆಂದರೆ ಸಮುದ್ರವೋ ಗುಡ್ಡವೋ ಅಡ್ಡ ಇರಬೇಕೆಂದು ಅವಳ ಕಲ್ಪನೆ. ಇಲ್ಲಿ ಒಂದು ಕಮಾನು, ಸಾಲಾಗಿ ನಿಂತ ಲಾರಿಗಳು, ಚಹಾದಂಗಡಿ, ಎರಡೂ ಕಡೆ ಒಂದೇ ಮಾತಾಡುವ ಜನ.

"ಇದೇನ ಪರದೇಶ? ನಮ್ಮ ಕೊಗನೊಳ್ಳಿ ನಾಕಾದಂಗ ಐತಲ್ಲ," ಎಂದಳು. ನಿಪ್ಪಾಣಿಯಾಚೆ ಮಹಾರಾಷ್ಟ್ರದ ಗಡಿಯಲ್ಲಿ ಲಾರಿ ತಡೆಯುವ ನಾಕಾ ಅದು. ಬಸ್ಸೆಲ್ಲ ನಕ್ಕಿತು.

ಗುಡ್ಡದ ದಾರಿಯಲ್ಲಿ ಬಸ್ಸು ಹೊರಳಿದಂತೆಲ್ಲ ಹೆಂಗಸರು ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡರು. ಅಕ್ಕನಿಗೆ ಏನೂ ಆಗಲಿಲ್ಲ. ಸೆರಗಿನೊಳಗೆ ಒಂದು ಕೈಯಿಟ್ಟು ಹೊಟ್ಟೆಯನ್ನು ಒತ್ತಿ ಹಿಡಿದು ಕೂತಿದ್ದಳು. ಅದು ಅವಳ ರೂಢಿ, ತೋಟದಲ್ಲಿ ಭಾರ ಎತ್ತುವಾಗಲೂ ಹಾಗೇ ಮಾಡುತ್ತಿದ್ದಳು. ನಾನು ಯಾವತ್ತೂ ಕಾರಣ ಕೇಳಿರಲಿಲ್ಲ.

ಕಾಠ್ಮಂಡುವಿನ ಧರ್ಮಶಾಲೆ

ಮೊದಲ ದಿನ ದರ್ಶನ ಸುಸೂತ್ರವಾಗಿ ಆಯಿತು. ಗುಡಿಯ ಕೆಳಗೆ ಹೊಳೆ, ಹೊಳೆಯ ದಂಡೆಗೆ ಕಟ್ಟೆಗಳು, ಕಟ್ಟೆಗಳ ಮೇಲೆ ಹೆಣ ಸುಡುತ್ತಿದ್ದರು. ಒಂದು ಕಡೆ ಚಿತೆ ಉರಿಯುತ್ತಿದ್ದರೆ ಪಕ್ಕದಲ್ಲಿ ಒಬ್ಬ ಆಗಲೇ ಬೂದಿಯನ್ನು ನೀರಿಗೆ ತಳ್ಳುತ್ತಿದ್ದ. ಆಚೆ ದಂಡೆಯ ಮೆಟ್ಟಿಲ ಮೇಲೆ ಜನ ಕಡಲೆ ತಿನ್ನುತ್ತ ನೋಡುತ್ತ ಕೂತಿದ್ದರು. ಚಿಕ್ಕೋಡಿಯ ಹೆಂಗಸೊಬ್ಬಳು ಇಲ್ಲಿ ಸುಟ್ಟರೆ ನೇರ ಕೈಲಾಸವೆಂದು ಕೈಮುಗಿದಳು. ಅಕ್ಕ ಮುಖ ತಿರುವಿ, "ನಡೀ, ಹೊಗಿ ಕಣ್ಣಾಗ ಹೊಕ್ಕೈತಿ," ಎಂದು ಎದ್ದುಬಿಟ್ಟಳು.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಅಕ್ಕ ಗೋಡೆಗೆ ಒರಗಿ ಮೊಣಕಾಲು ಎದೆಗೆ ಎಳೆದುಕೊಂಡು ಕೂತಿದ್ದಳು. ಹಣೆಯ ಮೇಲೆ ಬೆವರು. ಊರೆಲ್ಲ ತಣ್ಣಗಿತ್ತು.

"ಹೊಟ್ಟಿ ಹಿಡದೈತಿ. ನೀರ ಬದಲಾಗೈತಿ, ಅದಕ್ಕ."

ದತ್ತೋಬಾ ಓಮದ ಕಾಳು ಕೊಟ್ಟ. ವಾಂತಿಯಾಯಿತು. ಅಡಿಗೆಯವನು ನಿಂಬೆ ಹಿಂಡಿಕೊಟ್ಟ. ಅದೂ ನಿಲ್ಲಲಿಲ್ಲ. ಓಣಿಯ ಔಷಧದ ಅಂಗಡಿಯವನನ್ನು ಕರೆತಂದೆವು. ಅವನು ನೋವಿಗೊಂದು ಇಂಜೆಕ್ಷನ್ ಚುಚ್ಚಿ, ಬಿಸಿನೀರು ಕುಡಿಸಿರಿ ಎಂದು ಹೋದ. ಅಕ್ಕ ಮಧ್ಯಾಹ್ನದವರೆಗೆ ಮಲಗಿದಳು. ನಾವು ನೋವು ಇಳಿಯಿತೆಂದು ತಿಳಿದೆವು. ಇಂಜೆಕ್ಷನ್ ನೋವನ್ನು ಮುಚ್ಚಿಟ್ಟಿತ್ತು ಅಷ್ಟೆ.

ಸಂಜೆಗೆ ಎಚ್ಚರವಾದಾಗ ಹೊಟ್ಟೆ ಗಡಿಗೆಯಂತೆ ಉಬ್ಬಿತ್ತು. ಸೀರೆ ಸಡಿಲಿಸಲು ಹೋದೆ. ಒಳಗೆ ಹೊಕ್ಕಳ ಕೆಳಗೆ ಹಳೆಯ ಧೋತರದ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿಕೊಂಡಿದ್ದಳು. ಬಿಚ್ಚಿದೆ. ಲಿಂಬೆಹಣ್ಣಿಗಿಂತ ದೊಡ್ಡ ಗಂಟು, ಮೇಲಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಕೂಗಿದಳು. ಅವಳು ಕೂಗಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಇದು ಎಂದಿನಿಂದ ಐತಿ ಅಕ್ಕಾ?"

"ಬಸೂ ಹುಟ್ಟಿದಾಗಿಂದ. ಒತ್ತಿದ್ರ ಒಳಗ ಹೋಗತಿತ್ತು. ಇವತ್ತ ಹೋಗವಲ್ದು." ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು, "ಮಿರಜಕ್ಕ ಕರಕೊಂಡ ನಡೀ ನನ್ನ."

ನಮ್ಮ ಸೀಮೆಯಲ್ಲಿ ಕಾಲು ಮುರಿದರೂ ಮಿರಜ, ಹೆರಿಗೆ ಕಷ್ಟವಾದರೂ ಮಿರಜ. ಕಾಗವಾಡದಿಂದ ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ದವಾಖಾನೆಯ ಬಾಗಿಲಿಗೆ ಹೋಗಿಬಿಡುತ್ತೇವೆ. ಇಲ್ಲಿ ಧರ್ಮಶಾಲೆಯ ಬಾಗಿಲಲ್ಲಿ ನಿಂತು ಎಡಕ್ಕೆ ಹೋಗಬೇಕೋ ಬಲಕ್ಕೋ ನನಗೆ ತಿಳಿಯಲಿಲ್ಲ. ದತ್ತೋಬಾ ಟ್ಯಾಕ್ಸಿ ತಂದ. ಚಾಲಕನಿಗೆ "ಬಡಾ ಅಸ್ಪತಾಲ್" ಎಂದೆ. ಅವನು ಯಾವ ದೊಡ್ಡದು ಎಂದು ಕೇಳಿದ. ಎಲ್ಲಿ ಡಾಕ್ಟರು ಇದ್ದಾರೋ ಅಲ್ಲಿಗೆ ಎಂದೆ.

ಆಸ್ಪತ್ರೆ

ಡಾಕ್ಟರು ಹೆಂಗಸು, ನನಗಿಂತ ಚಿಕ್ಕವಳು. ಗಂಟನ್ನು ನೋಡಿದವಳೇ ತುಟಿ ಬಿಗಿದಳು. ಕರುಳು ಹೊರಗೆ ಬಂದು ಸಿಕ್ಕಿಕೊಂಡಿದೆ, ಬಹಳ ಹೊತ್ತಾಗಿದೆ, ಕೊಳೆತಿರಬಹುದು, ಈಗಲೇ ಕೊಯ್ಯಬೇಕು ಎಂದು ಹಿಂದಿಯಲ್ಲಿ ಹೇಳಿದಳು. ಗಂಡಸರು ಯಾರಿದ್ದಾರೆ ಎಂದು ಕೇಳಿದಳು.

"ಯಾರೂ ಇಲ್ಲ. ನಾನೇ."

"ನೀವು ಇವರ ಏನಾಗಬೇಕು?"

ಗಂಡನ ಅಕ್ಕ ಎಂದೆ. ಪಕ್ಕದಲ್ಲಿದ್ದ ನರ್ಸು, "ಆಮಾಜು," ಎಂದಳು. ನೇಪಾಳಿಯಲ್ಲಿ ಗಂಡನ ಅಕ್ಕನಿಗೆ ಹಾಗೆನ್ನುತ್ತಾರಂತೆ. ಆಮೇಲಿನ ದಿನಗಳಲ್ಲಿ ನನಗೆ ಬೇಕಾದ ನೇಪಾಳಿ ಮಾತು ಅದೊಂದೇ. ಔಷಧದ ಕಿಂಡಿಯಲ್ಲಿ, ರಕ್ತದ ಕೋಣೆಯಲ್ಲಿ, ಬಾಗಿಲು ಕಾಯುವವನ ಮುಂದೆ ಎಲ್ಲೆಲ್ಲೂ "ಮೇರಿ ಆಮಾಜು" ಎಂದೇ ಅಲೆದೆ.

ಆಪರೇಷನ್ ಕೋಣೆಗೆ ಒಯ್ಯುವ ಮೊದಲು ನರ್ಸು ಬಳೆ, ತಾಳಿಯಿಲ್ಲದ ಕೊರಳಿನ ದಾರ ಎಲ್ಲ ತೆಗೆಯಲು ಬಂದಳು. ದಾರದಲ್ಲಿ ಲಿಂಗವಿತ್ತು. ಅಕ್ಕ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಳು. ಮದುವೆಯಲ್ಲಿ, ಹೆರಿಗೆಯಲ್ಲಿ, ಗಂಡ ಸತ್ತಾಗಲೂ ಅದು ಅವಳ ಮೈಬಿಟ್ಟಿರಲಿಲ್ಲ.

"ನನ್ನ ಕೈಯಾಗ ಕೊಡ ಅಕ್ಕಾ. ನೀ ಹೊರಗ ಬರೂತನಕಾ ನಾ ಕೆಳಗ ಇಡೂದಿಲ್ಲ."

"ನೀರ ಸೈತ ಕುಡಿಬ್ಯಾಡ ಮತ್ತ."

"ಕುಡಿಯೂದಿಲ್ಲ."

ಕೊಟ್ಟಳು. ಲಿಂಗ ಮೈಮೇಲಿಲ್ಲದಾಗ ನೀರೂ ಕುಡಿಯಬಾರದೆಂಬುದು ನಮ್ಮ ನೇಮ, ಅವಳ ಬದಲು ಅದನ್ನು ನಾನು ಪಾಲಿಸಬೇಕು. ಲಿಂಗ ಬೆವರಿನಿಂದ ಬಿಸಿಯಾಗಿತ್ತು. ಹಿಡಿಕಟ್ಟಿಕೊಂಡು ಬೆಂಚಿನ ಮೇಲೆ ಕೂತೆ.

ರಕ್ತ ಬೇಕೆಂದರು. ನನ್ನದು ಹೊಂದಲಿಲ್ಲ, ದತ್ತೋಬಾನದು ಹೊಂದಿತು. ಸೂಜಿ ಕಂಡರೆ ಅಂಜುವ ಮನುಷ್ಯ, ಮುಖವನ್ನು ಗೋಡೆಗೆ ತಿರುಗಿಸಿಕೊಂಡು ಕೊಟ್ಟ. ಅವನು ಎದ್ದು ಬಂದು ನನ್ನ ಮುಂದೆ ನಿಂತಾಗ ಏನೋ ಹೇಳಲಿಕ್ಕಿದೆ ಎಂದು ತಿಳಿಯಿತು.

"ಸಾಲೀ ಬಾಯಾರ, ನಾ ಕೈ ಬಿಡಾಕತ್ತಿಲ್ರಿ. ಖರೇ ಹೇಳ್ತೀನಿ. ಆದ್ರ ಬಸ್ಸಿನ ಮಂದಿ ಮುಂದ ಹೋಗೂಣ ಅನ್ನಾಕತ್ತಾರ. ವಯಸ್ಸಾದವ್ರ ಅದಾರ, ಎಲ್ಲಾರನೂ ಇಲ್ಲೇ ಕುಂಡ್ರಸಾಕ ಬರೂದಿಲ್ಲ. ಮೀ ಕಾಯ ಕರೂ, ಏನ ಮಾಡ್ಲಿ, ನೀವ ಹೇಳ್ರಿ."

ಅವನು ಧರ್ಮಶಾಲೆಯಿಂದ ತರಿಸಿದ್ದ ರೊಟ್ಟಿ, ಹಿಂಡಿಯ ಚೀಲವನ್ನೂ ಅಕ್ಕನ ಟ್ರಂಕನ್ನೂ ಇಟ್ಟು, ಕಾಲುಮುಟ್ಟಲು ಬಾಗಿ, ಮತ್ತೆ ಸೆಟೆದು ನಿಂತು ಹೋದ. ಸಿಟ್ಟು ಬರಬೇಕಿತ್ತು. ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು ಮೆಟ್ಟಿಲಿಳಿಯುವವನ ಮೇಲೆ ಸಿಟ್ಟು ಮಾಡಲಾಗಲಿಲ್ಲ.

ಆಪರೇಷನ್ ಆಯಿತು. ಮೊಳಕ್ಕಿಂತ ಉದ್ದದ ಕರುಳು ಕತ್ತರಿಸಿದೆವು, ಮುಂದಿನದು ಅವರ ಶಕ್ತಿ ಎಂದು ಡಾಕ್ಟರು ಹೇಳಿದಳು. ಅಕ್ಕ ಕಣ್ಣು ಬಿಟ್ಟಾಗ ಮೊದಲು ಎದೆಯ ಮೇಲೆ ಕೈಯಾಡಿಸಿದಳು. ಲಿಂಗವನ್ನು ಕಟ್ಟಿದೆ. ಆಮೇಲೆ ನಾನು ಹೊರಗೆ ಹೋಗಿ ನಲ್ಲಿಗೆ ಬಾಯಿಟ್ಟು ಕುಡಿದೆ.

ಬೆಳಿಗ್ಗೆ ಬೂತಿನಿಂದ ಊರಿಗೆ ಫೋನು ಹಚ್ಚಿದೆ. ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಒಂದೇ ಫೋನು. ತುಸು ಕಿವಿ ಮಂದವಾದ ಅಂಗಡಿಯ ಮುದುಕರು ಎತ್ತಿದರು. ಆಪರೇಷನ್ ಆಗಿದೆ, ಮಾತಾಡುತ್ತಿದ್ದಾಳೆ ಎಂದು ಕೂಗಿದೆ. ಅದು ಆಗ ನಿಜವೇ ಆಗಿತ್ತು.

ವಾರ್ಡಿನಲ್ಲಿ ರೋಗಿಗಳಿಗಿಂತ ನೆಂಟರೇ ಹೆಚ್ಚು, ಥೇಟು ನಮ್ಮಲ್ಲಿಯಂತೆ. ಪಕ್ಕದ ಹಾಸಿಗೆಯ ಹೆಂಗಸಿಗೆ ಪಿತ್ತಕೋಶದ ಕಲ್ಲು ತೆಗೆದಿದ್ದರು. ಅವಳ ಗಂಡ ಧನಬಹಾದ್ದೂರ ರಾಯ್, ನಮ್ಮ ದೇಶದ ಸೈನ್ಯದಲ್ಲಿ ದುಡಿದು ನಿವೃತ್ತನಾದವನು, ಒಳ್ಳೆಯ ಹಿಂದಿ ಮಾತಾಡುತ್ತಿದ್ದ. ನನ್ನ ರೊಟ್ಟಿ ಮುಗಿದದ್ದನ್ನು ಕಂಡು ಕಾಗದದಲ್ಲಿ ದಪ್ಪ ಅವಲಕ್ಕಿ ತಂದಿಟ್ಟ. ಅವರು ಅದನ್ನು ನೆನೆಸುವುದಿಲ್ಲ, ಒಗ್ಗರಣೆಯೂ ಇಲ್ಲ, ಹಾಗೇ ಒಣದು ಅಗಿಯುತ್ತಾರೆ. ಬಾಯಿ ಕೆರೆಯಿತು. ತಿಂದೆ.

ಅಕ್ಕನಿಗೆ ನೀರು ಕೊಡಬಾರದೆಂದಿದ್ದರು. ಹತ್ತಿ ಅದ್ದಿ ತುಟಿ ಒದ್ದೆ ಮಾಡಬೇಕು ಅಷ್ಟೆ. ಅವಳು ಹತ್ತಿಯನ್ನೇ ಹಲ್ಲಿನಿಂದ ಹಿಡಿದು ಹೀರುತ್ತಿದ್ದಳು.

"ಒಂದ ಗುಟುಕ ಕೊಡ, ಯಾರಿಗೂ ಹೇಳೂದಿಲ್ಲ."

"ನಾಳೆ ಕೊಡತಾರಂತ ಅಕ್ಕಾ."

"ನಾಳೆ ನಾ ಇರಬೇಕಲ್ಲ."

ಸುಮ್ಮನೆ ಅಂದ ಮಾತಲ್ಲ. ಮರುದಿನ ಜ್ವರ ಏರಿತು. ಮೂತ್ರ ನಿಂತಿತು. ಡಾಕ್ಟರು ಬಂದು ಹೋಗುವುದು ಹೆಚ್ಚಾಯಿತು, ಮಾತು ಕಡಿಮೆಯಾಯಿತು. ನಾನು ಔಷಧದ ಅಂಗಡಿಗೂ ವಾರ್ಡಿಗೂ ಓಡಾಡಿದೆ. ಒಂದು ಸಲ ತಿರುಗಿ ಬಂದಾಗ ಅಕ್ಕನ ಕಣ್ಣುಗಳು ನಿಚ್ಚಳವಾಗಿದ್ದವು. ಹತ್ತಿರ ಬಾ ಎಂದು ಕೈಮಾಡಿದಳು.

"ಸುಶೀಲಾ, ನನ್ನ ಸುಡಬ್ಯಾಡ್ರಿ."

"ಏನ ಮಾತಂತ ಆಡತಿ..."

"ಕೇಳಿಲ್ಲೆ. ಹೊಲದಾಗ ಬಸೂನ ಅಪ್ಪನ ಮಗ್ಗಲಕ ನನಗ ಜಾಗಾ ಐತಿ. ಅಲ್ಲಿಗೆ ಒಯ್ಯಾಕ ಆಗಲಿಲ್ಲಂದ್ರ ಇಲ್ಲೇ ಎಲ್ಲೆರ ಮಣ್ಣಾಗ ಕುಂಡ್ರಸು. ಬೆಂಕಿಗೆ ಮಾತ್ರ ಕೊಡಬ್ಯಾಡ."

"ಆಯ್ತ ಅಕ್ಕಾ."

"ಆಣಿ?"

"ನಿನ್ನಾಣಿ."

ಆಣೆ ಮಾಡುವುದು ಎಷ್ಟು ಸುಲಭವಾಗಿತ್ತು! ಅವಳು ಕಣ್ಣು ಮುಚ್ಚಿದಳು. ಮಧ್ಯಾಹ್ನ ಊಟದ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ ಉಸಿರು ನಿಂತಿತು. ನರ್ಸು ಮಣಿಕಟ್ಟು ಹಿಡಿದು ನೋಡಿ ನನ್ನ ಹೆಗಲ ಮೇಲೆ ಕೈಯಿಟ್ಟಳು. ಗಾಡಿಯವನು ಈಚೆಯ ಹಾಸಿಗೆಗೆ ಅನ್ನ ಬಡಿಸಿ, ನಮ್ಮದನ್ನು ಬಿಟ್ಟು, ಅದರಾಚೆಯದಕ್ಕೆ ಹೋದ.

ಪಶುಪತಿಯ ಆಚೆಯ ಕಾಡು

ಅಳುವುದಕ್ಕೆ ಪುರುಸೊತ್ತಿರಲಿಲ್ಲ. ನಮ್ಮಲ್ಲಿ ಹೆಣವನ್ನು ಕೂರಿಸಿ ಮಣ್ಣು ಮಾಡುತ್ತೇವೆ. ಮೈ ಸೆಟೆದುಕೊಳ್ಳುವ ಮೊದಲೇ ಕಾಲು ಮಡಿಸಬೇಕು. ಮನೆಯಲ್ಲಾದರೆ ಹಿರಿಯರು ನೋಡಿಕೊಳ್ಳುತ್ತಾರೆ, ಹೆಂಗಸರು ಬಾಗಿಲಲ್ಲಿ ನಿಂತು ಅಳುತ್ತೇವೆ. ಇಲ್ಲಿ ನಾನು ಅಕ್ಕನ ಮೊಣಕಾಲು ಹಿಡಿದು ಒತ್ತತೊಡಗಿದಾಗ ನರ್ಸು ಬೆದರಿ ನನ್ನ ಕೈ ಹಿಡಿದಳು. ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಅವಳು ನನ್ನ ಕೈಬಿಟ್ಟು ಇನ್ನೊಂದು ಕಾಲನ್ನು ತಾನು ಹಿಡಿದಳು. ಇಬ್ಬರೂ ಸೇರಿ ಪದ್ಮಾಸನ ಹಾಕಿಸಿದೆವು. ಹೊಟ್ಟೆಯ ಹೊಲಿಗೆ ಎಲ್ಲಿ ಬಿಚ್ಚೀತೋ ಎಂದು ಅದರ ಮೇಲೆ ಒಂದು ಅಂಗೈ ಒತ್ತಿ ಹಿಡಿದೆ. ಧೋತರದ ಪಟ್ಟಿಯಿಂದಲೇ ಮಂಚದ ಸರಳಿಗೆ ಬೆನ್ನು ಕಟ್ಟಿದೆವು.

ಆಸ್ಪತ್ರೆಯವರು ಎಲ್ಲರನ್ನೂ ಒಯ್ಯುವಂತೆ ಘಾಟಿಗೆ ಒಯ್ಯಿರಿ, ಕಟ್ಟಿಗೆ ಅಲ್ಲೇ ಸಿಗುತ್ತದೆ ಎಂದರು. ಹೂಳಬೇಕು ಎಂದೆ. ಹಿಂದೂಗಳಲ್ಲವೇ ಎಂದು ಕೇಳಿದರು. ಹೌದು, ಆದರೆ ಹೂಳುತ್ತೇವೆ ಎಂದೆ. ಸನ್ಯಾಸಿನಿಯೇ ಎಂದರು. ಅಲ್ಲ, ದ್ರಾಕ್ಷಿ ಬೆಳೆಯುವವಳು ಎಂದೆ. ಹಾಗೆ ಎಲ್ಲೆಂದರಲ್ಲಿ ಹೂಳಲು ಬರುವುದಿಲ್ಲ ಎಂದು ಗುಮಾಸ್ತ ಬೇರೆ ಕೆಲಸಕ್ಕೆ ತಿರುಗಿದ. ಒಂದು ಹಿಡಿ ಮಣ್ಣಿಗಾಗಿ ಯಾರ ಬಾಗಿಲು ತಟ್ಟಲಿ? ಓಣಿಯ ಹೆಸರೂ ಗೊತ್ತಿಲ್ಲದ ಊರು.

ಪಕ್ಕದ ಹಾಸಿಗೆಯ ಬಳಿ ಕೂತಿದ್ದ ರಾಯ್ ಎಲ್ಲವನ್ನೂ ಕೇಳುತ್ತಿದ್ದ. ಎದ್ದು ಬಂದ.

"ಬೆಹೆನ್‌ಜೀ, ನಾವು ರಾಯ್ ಜನರೂ ಸುಡುವುದಿಲ್ಲ. ನಮ್ಮವರನ್ನೂ ಹೂಳುತ್ತೇವೆ. ಪಶುಪತಿಯ ಆಚೆ ಕಾಡಿನಲ್ಲಿ ನಮ್ಮ ಜಾಗವಿದೆ. ಹಿರಿಯರನ್ನು ಕೇಳಬೇಕು. ಕೇಳಿ ಬರುತ್ತೇನೆ."

ಅವನು ಹೋದ ಹೊತ್ತು ನಾನು ಅವನ ಹೆಂಡತಿಯ ಕಡೆ ನೋಡಿದೆ. ಅವಳಿಗೆ ಹಿಂದಿ ಬಾರದು. ತನ್ನ ಶಾಲನ್ನು ತೆಗೆದು, ಅಕ್ಕನಿಗೆ ಹೊದಿಸು ಎಂದು ಸನ್ನೆ ಮಾಡಿದಳು.

ರಾಯ್ ತನ್ನ ಮೂರ್ನಾಲ್ಕು ಮಂದಿಯನ್ನು ಕರೆದುಕೊಂಡು ಬಂದ. ಹಿರಿಯರು ಒಪ್ಪಿದ್ದರು, ಕಾಗದದ ಓಡಾಟವನ್ನೂ ಅವರೇ ಮುಗಿಸಿದರು. ಒಂದು ವ್ಯಾನಿನಲ್ಲಿ ಅಕ್ಕನನ್ನು ಕೂರಿಸಿ ಒಯ್ದೆವು. ಗುಡಿಯನ್ನು ಹಾದು, ಘಾಟಿನ ಹೊಗೆಯನ್ನು ಹಾದು, ಮರಗಳು ದಟ್ಟವಾಗಿದ್ದ ಏರಿನ ಮೇಲೆ ವ್ಯಾನು ನಿಂತಿತು. ಮಂಗಗಳು ಕೊಂಬೆಯಿಂದ ನೋಡುತ್ತಿದ್ದವು. ಅವರು ಉದ್ದ ಕುಣಿ ತೋಡುವ ರೂಢಿಯವರು. ನಾನು ನೆಲದ ಮೇಲೆ ಕಡ್ಡಿಯಿಂದ ಚೌಕ ಗೀರಿ ತೋರಿಸಿದೆ. ಒಳಗೊಂದು ಸಣ್ಣ ಗೂಡು ಬೇಕು, ಅದರಲ್ಲಿ ಕೂರಿಸಬೇಕು ಎಂದೆ. ಅವರು ತಮ್ಮೊಳಗೆ ಮಾತಾಡಿಕೊಂಡು ನಾನು ಹೇಳಿದಂತೆಯೇ ಅಗೆದರು. ಮಣ್ಣು ಕಪ್ಪಗೆ, ಹಸಿಯಾಗಿತ್ತು.

ಜಂಗಮರಿಲ್ಲ, ಮಂತ್ರ ಹೇಳುವವರಿಲ್ಲ. ಟ್ರಂಕಿನಲ್ಲಿ ವಿಭೂತಿಗಟ್ಟಿ ಇತ್ತು. ನಾನೇ ಕುಣಿಯೊಳಗೆ ಇಳಿದು ಹಣೆಗೆ, ತೋಳಿಗೆ ಬಳಿದೆ. ಕೊರಳಿನ ಲಿಂಗ ಬಿಚ್ಚಿ ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ. ಗಟ್ಟಿಯಾಗಿದ್ದ ಬೆರಳು, ಒಂದೊಂದನ್ನೂ ಬಗ್ಗಿಸಬೇಕಾಯಿತು. ಬಿಲ್ವಪತ್ರೆ ಸಿಗಲಿಲ್ಲ. ರಾಯ್ ಯಾವುದೋ ಮರದ ಎಲೆ ಕಿತ್ತು ಕೊಟ್ಟ, ಅದನ್ನೇ ತುಂಬಿದೆ. ಓಂ ನಮಃ ಶಿವಾಯ ಎಂದೆ. ರಾಯ್ ಕೈಹಿಡಿದು ಮೇಲೆಳೆದುಕೊಂಡ. ಅವರು ಮಣ್ಣು ಎಳೆದರು, ಮೇಲೆ ಕಲ್ಲು ಪೇರಿಸಿದರು.

ಬೂತಿಗೆ ಹೋಗಿ ಊರಿಗೆ ಫೋನು ಮಾಡಿದೆ. ಮತ್ತೆ ಅಂಗಡಿಯ ಮುದುಕರೇ. ಲೈನಿನಲ್ಲಿ ಮಳೆ ಸುರಿದಂಥ ಸದ್ದು. "ಅಕ್ಕ ಹೋದ್ಲರಿ! ಇಲ್ಲೇ ಮಣ್ಣ ಮಾಡೀವ್ರಿ! ನಾ ಬರತೀನ್ರಿ!" ಎಂದು ಕೂಗಿದೆ. "ಆಂ? ಆಂ?" ಎಂದರು. ಮತ್ತೆ ಕೂಗಿದೆ. "ಆತು, ಆತು," ಎಂದರು, ಲೈನು ಕಡಿಯಿತು. ಗೋರಖಪುರಕ್ಕೆ ಬಂದು, ಊರು ಮುಟ್ಟುವ ದಿನ ತಿಳಿಸಿ ಒಂದು ತಂತಿ ಕೊಟ್ಟೆ.

ಶೇಡಬಾಳ

ಎರಡು ಕಡೆ ರೈಲು ಬದಲಿಸಿ ಶೇಡಬಾಳ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಸುಡುತ್ತಿತ್ತು. ಪ್ಲಾಟ್‌ಫಾರ್ಮಿನ ಮೇಲೆ ನಮ್ಮ ಊರಿನ ಅರ್ಧ ಮಂದಿ ನಿಂತಿದ್ದರು. ನನ್ನ ಗಂಡ, ಬಸಗೌಡ, ಹೆಗಲ ಮೇಲೆ ಜೋಳಿಗೆಯ ಮಠದಯ್ಯ. ಹೊರಗೆ ಬಾಳೆಯ ದಿಂಡು ಕಟ್ಟಿ ಹೂವು ಹಾಕಿದ ಟೆಂಪೋ. ಯಾರೂ ನನ್ನ ಮುಖ ನೋಡಲಿಲ್ಲ. ಎಲ್ಲರೂ ನನ್ನ ಬೆನ್ನ ಹಿಂದೆ, ರೈಲಿನ ಕೊನೆಯ ಸಾಮಾನಿನ ಡಬ್ಬಿಯ ಕಡೆಗೆ ನೋಡುತ್ತಿದ್ದರು.

ಬಸಗೌಡ ಆ ಡಬ್ಬಿಯವರೆಗೆ ಓಡಿದ. ರೈಲು ಹೊರಟಿತು. ಅವನು ಅಲ್ಲೇ ನಿಂತ. ಆಮೇಲೆ ನಿಧಾನವಾಗಿ ನಡೆದು ಬಂದ.

"ಅವ್ವ ಎಲ್ಲೆ, ಅತ್ತಿ?"

"ಫೋನಿನ್ಯಾಗ ಹೇಳಿದ್ನಲ್ಲೋ ಬಸೂ. ಅಲ್ಲೇ ಮಣ್ಣ ಮಾಡಿ ಬಂದೀನಿ."

ಅಂಗಡಿಯ ಮುದುಕರು ಗುಂಪಿನಿಂದ ಮುಂದೆ ಬಂದರು. "ಮಣ್ಣ ಅಂದ್ಲು, ಬರತೀನಿ ಅಂದ್ಲು. ನಾ ತಿಳಕೊಂಡೆ, ತಗೊಂಡ ಬರಾಕತ್ತಾಳ ಅಂತ..." ಎಂದು ಅಲ್ಲೇ ಕುಸಿದು ಕೂತರು. ಅವರನ್ನು ಯಾರೂ ಬಯ್ಯಲಿಲ್ಲ.

ತೋಟಕ್ಕೆ ಹೋದೆವು. ದ್ರಾಕ್ಷಿಯ ಚಪ್ಪರ ಮುಗಿದಲ್ಲಿ ಬಸಗೌಡನ ಅಪ್ಪನ ಗದ್ದಿಗೆ. ಅದರ ಮಗ್ಗುಲಿಗೆ ಬೆಳಿಗ್ಗೆಯೇ ತೋಡಿದ ಕುಣಿ ಬಾಯಿ ತೆರೆದುಕೊಂಡಿತ್ತು. ಒಳಗೆ ಗೂಡು ಕೊರೆದು, ಸಾರಿಸಿ, ಬಿಲ್ವಪತ್ರೆಯನ್ನೂ ಹರಡಿದ್ದರು. ಹೆಂಗಸರು ಅದನ್ನು ನೋಡಿ ಹೊಸದಾಗಿ ಅಳತೊಡಗಿದರು. ನಾನು ಎಲ್ಲವನ್ನೂ ಹೇಳಿದೆ. ಗಂಟಿನ ವಿಷಯ, ನೀರು ಕೇಳಿದ್ದು, ಆಣೆ, ರಾಯ್‌ನ ಜನ, ಕಾಡು. ಬಸಗೌಡ ಕುಣಿಯ ಅಂಚಿಗೆ ಕೂತು ಕೇಳಿದ.

"ಅಲ್ಲಿ ಮಣ್ಣ ಹೆಂಗ ಐತಿ ಅತ್ತಿ?"

"ಕರೀದು. ಹಸೀ ಐತಿ. ಛಲೋ ಮಣ್ಣ."

"ಕುಂಡ್ರಿಸಿದ್ರೆಲಾ?"

"ಕುಂಡ್ರಿಸೀನೋ. ನಾನ ಕೆಳಗಿಳದ ಕುಂಡ್ರಿಸೀನಿ."

ಅವನು ತಲೆಯಾಡಿಸಿದ. ಮಠದಯ್ಯನವರು ತೋಡಿದ ಕುಣಿಯನ್ನು ಹಾಗೇ ಬಿಡಬಾರದು, ಅವಳದೊಂದು ಸೀರೆಯನ್ನಾದರೂ ಇಟ್ಟು ಮುಚ್ಚಿ ಎಂದರು. ಬಸಗೌಡ ಬೇಡವೆಂದ. "ಅವ್ವಗ ಒಂದ ಜಾಗಾ ಸಾಕ್ರಿ. ಆಕಿ ಅಲ್ಲಿ ಅದಾಳ," ಎಂದು ಸಲಿಕೆ ತೆಗೆದುಕೊಂಡ.

ಬೇರೆಯವರೂ ಕೈಹಚ್ಚಿದರು. ಬಿಲ್ವಪತ್ರೆ ಮುಚ್ಚಿತು, ಗೂಡು ಮುಚ್ಚಿತು. ಬಸಗೌಡ ಮೇಲೆ ನಿಂತು ತುಳಿದು ತುಳಿದು ಗಟ್ಟಿ ಮಾಡಿದ. ಯಾರನ್ನಾದರೂ ಮಣ್ಣು ಮಾಡಿದರೆ ತೆಗೆದ ಮಣ್ಣು ಮಿಗುತ್ತದೆ, ಮಿಕ್ಕದ್ದು ದಿಬ್ಬವಾಗುತ್ತದೆ. ಇಲ್ಲಿ ತೆಗೆದದ್ದೆಲ್ಲ ಹಿಡಿಯಷ್ಟೂ ಉಳಿಯದೆ ಒಳಗೆ ಹೋಯಿತು, ನೆಲ ಹೊಲದ ಸಮಕ್ಕೆ ಬಂತು. ಅವನು ಸಲಿಕೆ ಹಿಡಿದುಕೊಂಡು ಸುತ್ತ ಇನ್ನೂ ಮಣ್ಣು ಹುಡುಕುತ್ತ ನಿಂತಿದ್ದ.